ಕಾರಿಗೆ ಡಾಂಬರು, ಯಾರಿಗೆ ಬರೆ?

ಮುಂಬಯಿಯಲ್ಲಿ ಮೇ ತಿಂಗಳು ಬಂತೆಂದರೆ ಎರಡು ಕೆಲಸಗಳು ಭರದಿಂದ ಸಾಗುತ್ತವೆ. ಟೆರೇಸಿನ ಮೇಲೆ ಹಪ್ಪಳ-ಸಂಡಿಗೆ ಒಣಗುತ್ತವೆ. ಕೆಳಗೆ ರಸ್ತೆಗೆ ಡಾಂಬರು ಬೀಳುತ್ತದೆ. ಕಾಂಕ್ರೀಟು ರಸ್ತೆಗಳು ಹೆಚ್ಚುತ್ತಿದ್ದರೂ ಗುಂಡಿ ಮುಚ್ಚುವ ತೇಪೆಗೆ, ಎಷ್ಟೋ ಒಳರಸ್ತೆಗಳಿಗೆ ಇಂದಿಗೂ ಡಾಂಬರೇ ಗತಿ. ಹಸಿ ಡಾಂಬರಿನ ಮೇಲೆ ಹಾದುಬಂದ ಕಾರಿನ ಬಾಗಿಲ ಕೆಳಗೆ, ಚಕ್ರದ ಸುತ್ತ ಕರಿಚುಕ್ಕೆಗಳ ಚಿತ್ತಾರ ಮೂಡುತ್ತದೆ. ಆಗ ಏಳುವ ಪ್ರಶ್ನೆಗಳು ಎರಡು: ಇದನ್ನು ತೆಗೆಯುವುದು ಹೇಗೆ? ಖರ್ಚು ಕೊಡಬೇಕಾದವರು ಯಾರು? ಮೊದಲನೆಯದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಎರಡನೆಯದರಲ್ಲಿ ಮಾತ್ರ ನಮಗೆ ಅರಿವಿಲ್ಲದೆಯೇ ಅನ್ಯಾಯ ನಡೆದುಹೋಗುತ್ತದೆ.

ಹಲಸಿನ ಮೇಣದ ಪಾಠ

ನಾವು 'ಟಾರು' ಎಂದು ಕರೆದರೂ ಈಗ ರಸ್ತೆಗೆ ಹಾಕುವುದು ಕಲ್ಲಿದ್ದಲಿನಿಂದ ಬರುವ ಟಾರ್ ಅಲ್ಲ, ಬಿಟುಮೆನ್. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ಎಲ್ಲ ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಪದಾರ್ಥ ಅದು. ಅದನ್ನು ಸುಮಾರು 150-160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಜಲ್ಲಿಯೊಂದಿಗೆ ಬೆರೆಸುತ್ತಾರೆ. ಹೊಸ ಪದರ ಹಾಸುವ ಮುನ್ನ ಹಳೆಯ ರಸ್ತೆಗೆ ತೆಳ್ಳಗೆ ಒಂದು ದ್ರಾವಣ ಸಿಂಪಡಿಸುವುದುಂಟು. ಮೊದಲು ಚಾಕೊಲೇಟು ಬಣ್ಣದಲ್ಲಿದ್ದು, ನೀರಿನಂಶ ಬೇರ್ಪಟ್ಟಂತೆ ಕಪ್ಪಾಗುತ್ತದೆ. ಅದು ಆರುವ ಮುಂಚೆ ವಾಹನಗಳನ್ನು ಬಿಟ್ಟರೆ ಟಯರಿಗೆ ಹತ್ತಿ ಮೈಗೆಲ್ಲ ಸಿಡಿಯುತ್ತದೆ.

ಎಣ್ಣೆಯಿಂದ ಹುಟ್ಟಿದ್ದು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೇ ಕರಗುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವ ನಮಗೆ ಇದನ್ನು ಬೇರೆ ಹೇಳಿಕೊಡಬೇಕೆ? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣಿದ ಮೇಲೆ ನೀರು, ಕಾರ್ ಶಾಂಪೂ ಹಾಕಿ ಧೂಳು ತೊಳೆಯಿರಿ. ಮರಳಿನ ಕಣ ಉಳಿದರೆ ಒರೆಸುವಾಗ ಬಣ್ಣ ಗೀರುತ್ತದೆ. ಆಮೇಲೆ ಮೆತ್ತನೆ ಹತ್ತಿಬಟ್ಟೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಚುಕ್ಕೆಯ ಮೇಲೆ ಹತ್ತು ನಿಮಿಷ ಇಡಿ. ಡಾಂಬರು ಮೆತ್ತಗಾದಾಗ ಒತ್ತದೆ ಒರೆಸಿ, ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಇನ್ನೂ ಹಟಮಾಡುವ ಕಲೆಗೆ ಬಿಡಿಭಾಗಗಳ ಅಂಗಡಿಯಲ್ಲಿ 'ಟಾರ್ ರಿಮೂವರ್' ಸಿಗುತ್ತದೆ. ಅದನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಬೇಕು. ಕೊನೆಗೆ ಮತ್ತೆ ಶಾಂಪೂವಿನಿಂದ ಜಿಡ್ಡು ತೊಳೆದು ವ್ಯಾಕ್ಸ್ ಹಚ್ಚಿ. ಎಣ್ಣೆ ಟಯರಿಗಾಗಲಿ ಬ್ರೇಕಿಗಾಗಲಿ ತಾಗಬಾರದು. ಚಾಕು, ಬ್ಲೇಡು, ಪಾತ್ರೆ ತಿಕ್ಕುವ ಜಾಲರಿ ಮುಟ್ಟಲೇಬೇಡಿ. ಪೆಟ್ರೋಲು, ಥಿನ್ನರ್‌ಗಳಿಂದ ಬಣ್ಣವೂ ಕೆಡುತ್ತದೆ, ಬೆಂಕಿಯ ಭಯವೂ ಇದೆ. ಕಲೆ ಬಿದ್ದ ಒಂದೆರಡು ದಿನದಲ್ಲೇ ಇದನ್ನೆಲ್ಲ ಮಾಡಿದರೆ ಒಳ್ಳೆಯದು. ಬಿಸಿಲಿಗೆ ಕಾದು ಗಟ್ಟಿಯಾದಷ್ಟೂ ಕಷ್ಟ.

ಡ್ರೈವರಿನ ಸಂಬಳಕ್ಕೆ ಕತ್ತರಿ

ಈಗ ಎರಡನೆಯ ಪ್ರಶ್ನೆ. ಕಳೆದ ವರ್ಷ ನಮ್ಮ ಸೊಸೈಟಿಯ ಮುಂದಿನ ರಸ್ತೆಗೆ ರಾತ್ರೋರಾತ್ರಿ ದ್ರಾವಣ ಸಿಂಪಡಿಸಿದ್ದರು. ಬೆಳಗ್ಗೆ ಅಡ್ಡಗಟ್ಟೆಯಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಆಫೀಸಿಗೆ ಹೊರಟ 7 ಕಾರುಗಳಿಗೆ ಕಲೆ ಹತ್ತಿತು. ಒಂದು ಮನೆಯವರು ಗ್ಯಾರೇಜಿನ 1,800 ರೂಪಾಯಿ ಬಿಲ್ಲನ್ನು ಡ್ರೈವರಿನ ಸಂಬಳದಲ್ಲಿ ಮುರಿದುಕೊಂಡರು. "ನೋಡಿಕೊಂಡು ಓಡಿಸಬೇಕಿತ್ತು" ಎಂಬುದು ಅವರ ವಾದ. ನಮ್ಮ ಗೇಟಿನಿಂದ ಹೊರಬೀಳಲು ಇರುವುದೇ ಆ ಒಂದು ರಸ್ತೆ. ಆತ ಕಾರನ್ನು ಹಾರಿಸಿಕೊಂಡು ಹೋಗಬೇಕಿತ್ತೆ? ಇನ್ನೊಂದು ಮನೆಯಲ್ಲಿ, ಕಲೆ ಪೂರ್ತಿ ಹೋಗಲಿಲ್ಲವೆಂದು ಕಾರು ತೊಳೆಯುವ ಹುಡುಗನಿಗೆ ಬೈಗುಳ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ವಿಚಾರ ಮಾಡಿ ನೋಡಿದರೆ ಲೆಕ್ಕ ಸರಳ. ಅಡ್ಡಗಟ್ಟೆ, ಫಲಕ ಎರಡೂ ಇದ್ದು ಬೇರೆ ದಾರಿಯೂ ಇದ್ದು ನುಗ್ಗಿದರೆ ನುಗ್ಗಿದವರದು ತಪ್ಪು. ಎಚ್ಚರಿಕೆಯೇ ಇಲ್ಲದೆ ಹಸಿ ಡಾಂಬರಿನ ಮೇಲೆ ವಾಹನ ಬಿಟ್ಟರೆ ಹೊಣೆ ಕೆಲಸ ವಹಿಸಿಕೊಂಡ ಗುತ್ತಿಗೆದಾರರದು. ವಿಮೆಯವರ ಬಳಿ ಹೋದರೆ? 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ನಾವೇ ಭರಿಸಬೇಕು. ಮೇಲಾಗಿ ಶೇಕಡಾ 20ರಿಂದ 50ರವರೆಗಿನ 'ನೋ ಕ್ಲೇಮ್ ಬೋನಸ್' ಕೈತಪ್ಪುತ್ತದೆ. ಇಷ್ಟು ಸಣ್ಣ ಬಿಲ್ಲಿಗೆ ಅದು ನಷ್ಟದ ಬಾಬತ್ತೇ ಸರಿ.

ಕೇಳುವ ಕ್ರಮ

ಅಂದೇ ಕಾರಿನ ಫೋಟೋ, ಫಲಕವಿಲ್ಲದ ರಸ್ತೆಯ ಫೋಟೋ ತೆಗೆದಿಡಿ. ಗ್ಯಾರೇಜಿನ ಬಿಲ್ಲು ಜೋಪಾನವಿರಲಿ. ಕಾಮಗಾರಿಯ ಫಲಕ ಎಲ್ಲಾದರೂ ಇದ್ದರೆ ಗುತ್ತಿಗೆದಾರರ ಹೆಸರು ಸಿಗುತ್ತದೆ. ಇಲ್ಲವಾದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಕಟ್ಟಿ ಕೇಳಬಹುದು. ಪತ್ರವನ್ನು ಗುತ್ತಿಗೆದಾರರಿಗೆ ಬರೆದು, ಪ್ರತಿಯನ್ನು ವಾರ್ಡು ಕಚೇರಿಯ ರಸ್ತೆ ಇಂಜಿನಿಯರಿಗೆ ಕೊಟ್ಟು ಸಹಿ ಪಡೆಯಿರಿ. ನಗರಪಾಲಿಕೆಯ ಮೇಲೇ ದಾವೆ ಹೂಡುವುದಾದರೆ 1888ರ ಮುಂಬಯಿ ನಗರಪಾಲಿಕೆ ಕಾಯಿದೆಯ 527ನೇ ಕಲಮಿನಂತೆ ಒಂದು ತಿಂಗಳ ನೋಟಿಸು ಬೇಕು, ಆರು ತಿಂಗಳೊಳಗೆ ಹೂಡಬೇಕು. ಡಾಂಬರಿನ ಚುಕ್ಕೆಗಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಇರಲಾರರು, ನಿಜ. ಆದರೆ 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ರಸ್ತೆಗುಂಡಿಗಳಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಾಗ, ಆ ಹಣವನ್ನು ಹೊಣೆಗಾರರಾದ ಅಧಿಕಾರಿ, ಗುತ್ತಿಗೆದಾರರಿಂದಲೇ ವಸೂಲು ಮಾಡಬೇಕೆಂದೂ ಹೇಳಿತು. ಸಾವಿನ ಮುಂದೆ ಡಾಂಬರಿನ ಕಲೆ ಯಾವ ಲೆಕ್ಕ? ಆದರೂ ತಪ್ಪು ಯಾರದೋ ಅವರೇ ತೆರಬೇಕೆಂಬ ನ್ಯಾಯ ಎರಡಕ್ಕೂ ಒಂದೇ.

ನಮ್ಮಲ್ಲಿ ಏಳು ಮನೆಯವರೂ ಒಟ್ಟಾಗಿ ಸೊಸೈಟಿಯ ಕಾಗದದಲ್ಲಿ ಬರೆದರು. ಎರಡು ಪತ್ರ, ಐದು ವಾರ. ಗುತ್ತಿಗೆದಾರರ ಕಡೆಯವರು ಬಂದು ಪಾಲಿಶಿನ ಖರ್ಚು ಬಿಟ್ಟು, ಕಲೆ ತೆಗೆಸಿದ ಖರ್ಚನ್ನು ಕೊಟ್ಟುಹೋದರು. ಡ್ರೈವರಿನ ಸಂಬಳ ಮುರಿದ ಮನೆಗೂ ಹಣ ಬಂತು. "ಆ ದುಡ್ಡು ಯಾರದಪ್ಪಾ?" ಎಂದು ಮಗನನ್ನು ಕೇಳಿದವರು ಆ ಮನೆಯ ಎಂಬತ್ತು ದಾಟಿದ ಅಜ್ಜಿ. ಮರುತಿಂಗಳ ಸಂಬಳದಲ್ಲಿ ಮುರಿದುಕೊಂಡ 1,800 ರೂಪಾಯಿಯೂ ಸೇರಿತ್ತು.

ಎಲ್ಲ ಮನೆಯಲ್ಲೂ ಇಂಥ ಅಜ್ಜಿ ಇರುವುದಿಲ್ಲ. ಸಂಬಳದ ಲೆಕ್ಕ ಬರೆದಿಡುವ ಗೃಹಿಣಿಯರಾದ ನಾವೇ ಆ ಪ್ರಶ್ನೆಯನ್ನು ಕೇಳಬೇಕಾಗಿದೆ. ಈ ಬೇಸಿಗೆಯಲ್ಲಿ ನಿಮ್ಮ ಕಾರಿಗೂ ಕಲೆ ಹತ್ತಿದರೆ, ಡ್ರೈವರನ್ನು ಕರೆದು ವಿಚಾರಿಸುವ ಮೊದಲು ಬೀದಿಯ ತುದಿಗೆ ನಡೆದುಹೋಗಿ ಅಲ್ಲಿ ಎಚ್ಚರಿಕೆಯ ಫಲಕವಿದೆಯೇ ಎಂದು ಒಮ್ಮೆ ನೋಡಿಬನ್ನಿ.