ದೋಣಿಯೇರಿದ ಇಪ್ಪತ್ತನಾಲ್ವರು

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಷಾರ್ಲಟ್ ಎಂಬ ನಗರವಿದೆ. ಅದರ ಸಮೀಪದಲ್ಲಿರುವ ಮೋಟಾರು ಪಂದ್ಯದ ಪಥವು ಆ ದೇಶದಲ್ಲೆಲ್ಲ ಹೆಸರಾದುದು. ಪಂದ್ಯದ ನಡುವೆ ಚಕ್ರಗಳನ್ನು ಬದಲಾಯಿಸಿಕೊಳ್ಳಲೂ ಇಂಧನ ತುಂಬಿಸಿಕೊಳ್ಳಲೂ ಕಾರುಗಳು ಬಂದು ನಿಲ್ಲುವ ಓಣಿಯ ಉದ್ದಕ್ಕೂ ಅಲ್ಲಿ ಒಂದು ಗಿಡ್ಡ ಗೋಡೆಯಿದೆ. ಅಕ್ಟೋಬರ್ ತಿಂಗಳ ಪಂದ್ಯಕ್ಕೆ ಮುಂಚೆ ಈ ಗೋಡೆಗೆ ಗುಲಾಬಿ ಬಣ್ಣ ಬಳಿಯುವ ಕಾರ್ಯಕ್ರಮ ಹಲವು ವರ್ಷ ನಡೆದಿದೆ. ಬಣ್ಣ ಬಳಿದವರು ಕೂಲಿಯಾಳುಗಳಲ್ಲ. ಸ್ತನ ಕ್ಯಾನ್ಸರಿಗೆ ತುತ್ತಾಗಿ, ಚಿಕಿತ್ಸೆ ಪಡೆದು ಬದುಕುಳಿದ ಮಹಿಳೆಯರು, ಅವರ ಬಂಧುಗಳು, ಸ್ವಯಂಸೇವಕರು. ಹೆಸರಾಂತ ಚಾಲಕರೂ ಕುಂಚ ಹಿಡಿದು ಅವರ ಜೊತೆಯಲ್ಲಿ ನಿಂತದ್ದುಂಟು. ಕಿವಿಗಡಚಿಕ್ಕುವ ಯಂತ್ರಗಳ ಆರ್ಭಟಕ್ಕೂ ಆಸ್ಪತ್ರೆಯ ಮೌನಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಪಂದ್ಯವಿದ್ದಲ್ಲಿ ಜನಸಮೂಹವಿರುತ್ತದೆ. ಜನಸಮೂಹವಿದ್ದಲ್ಲಿ ಒಂದು ಮಾತನ್ನು ಸಾವಿರಾರು ಕಿವಿಗಳಿಗೆ ಏಕಕಾಲಕ್ಕೆ ಮುಟ್ಟಿಸಬಹುದು. ಹೇಳಬೇಕಾದ ಮಾತನ್ನು ಬಹುಕಾಲ ಹೇಳಲಾಗದೆ ನುಂಗಿಕೊಂಡ ರೋಗವೆಂದರೆ ಇದೇ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಸ್ತನ ಕ್ಯಾನ್ಸರಿನ ಹೆಸರನ್ನು ಸಭ್ಯರ ಕೂಟದಲ್ಲಿ ಎತ್ತುತ್ತಿರಲಿಲ್ಲ. ರೋಗಿಗಳು ಮನೆಯವರಿಂದಲೂ ಅದನ್ನು ಮುಚ್ಚಿಡುತ್ತಿದ್ದರು. 1952ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬ ಮಹಿಳೆ, ಮುಂದೇನು ಮಾಡಬೇಕೆಂದು ಹೇಳುವವರೇ ಇಲ್ಲದ್ದನ್ನು ಕಂಡು, ತಾವೇ ಇತರ ರೋಗಿಗಳ ಹಾಸಿಗೆಯ ಬಳಿಗೆ ಹೋಗಿ ಮಾತನಾಡಿಸತೊಡಗಿದರು. ವೈದ್ಯರಲ್ಲದವರು ಹೀಗೆ ನಡುವೆ ಬರುವುದು ಅನೇಕ ವೈದ್ಯರಿಗೆ ಹಿಡಿಸಲಿಲ್ಲ. ಆದರೂ ರೋಗವನ್ನು ಉಂಡವರೇ ರೋಗಿಗೆ ಧೈರ್ಯ ಹೇಳುವ ಈ ಪದ್ಧತಿ ಬೇರೂರಿತು. 1974ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗಾದ ಶಸ್ತ್ರಚಿಕಿತ್ಸೆಯನ್ನು ಮರೆಮಾಡದೆ ಲೋಕಕ್ಕೆ ತಿಳಿಸಿದಾಗ ಅಸಂಖ್ಯಾತ ಮಹಿಳೆಯರು ಪರೀಕ್ಷೆಗಾಗಿ ಆಸ್ಪತ್ರೆಗಳತ್ತ ಹೊರಟರು. ಗುಲಾಬಿ ಬಣ್ಣದ ಪಟ್ಟಿ ಈ ರೋಗದ ಗುರುತಾದದ್ದು ಇನ್ನೂ ಈಚೆಗೆ, 1990ರ ದಶಕದ ಆರಂಭದಲ್ಲಿ. ಆ ಬಣ್ಣವನ್ನು ವ್ಯಾಪಾರಿಗಳು ತಮ್ಮ ಸರಕಿಗೂ ಬಳಿದುಕೊಂಡು ಲಾಭ ಮಾಡಿಕೊಂಡದ್ದುಂಟು. ಆ ಮಾತು ಇಲ್ಲಿಗೆ ಸಾಕು.

ಷಾರ್ಲಟ್‌ನಲ್ಲಿ ಈ ಮಹಿಳೆಯರು ನಿಂತದ್ದು ಪಂದ್ಯದ ಅಂಚಿನ ಗೋಡೆಯ ಬಳಿ. ಅವರಂಥವರೇ ಸ್ವತಃ ಪಂದ್ಯಕ್ಕಿಳಿದ ಕಥೆ ಬೇರೊಂದಿದೆ. ಅದು ನಡೆದದ್ದು ಮೋಟಾರು ಪಥದಲ್ಲಲ್ಲ, ನೀರಿನ ಮೇಲೆ. ಕೆನಡಾ ದೇಶದ ಪಶ್ಚಿಮ ತೀರದಲ್ಲಿರುವ ವ್ಯಾಂಕೂವರ್ ನಗರದಲ್ಲಿ, 1996ರಲ್ಲಿ.

ಕಥೆ ಅರ್ಥವಾಗಬೇಕಾದರೆ ಮೊದಲು ಮಾನವ ಶರೀರದ ಒಂದು ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ದುಗ್ಧರಸ ನಾಳಗಳ ಒಂದು ಜಾಲವೂ ಇದೆ. ಜೀವಕೋಶಗಳ ನಡುವೆ ಉಳಿದ ತಿಳಿಯಾದ ದ್ರವವನ್ನು ಹೀರಿಕೊಂಡು ಮತ್ತೆ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಾಕಾರದ ಸಣ್ಣ ಗ್ರಂಥಿಗಳಿದ್ದು, ಅವು ದ್ರವವನ್ನು ಸೋಸುತ್ತವೆ. ತೋಳಿನಿಂದ ಬರುವ ದುಗ್ಧರಸ ಬಹುಮಟ್ಟಿಗೆ ಕಂಕುಳಿನ ಗ್ರಂಥಿಗಳ ಮೂಲಕವೇ ಹಾದುಹೋಗುತ್ತದೆ. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರು ಹರಡುವಾಗ ಸಾಮಾನ್ಯವಾಗಿ ಮೊದಲು ಬಂದು ಸೇರುವುದೂ ಇದೇ ಗ್ರಂಥಿಗಳನ್ನು. ಆದ್ದರಿಂದ ಶಸ್ತ್ರವೈದ್ಯರು ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಅನೇಕರಿಗೆ ಆ ಭಾಗಕ್ಕೆ ವಿಕಿರಣ ಚಿಕಿತ್ಸೆಯೂ ನಡೆಯುತ್ತಿತ್ತು.

ಹೀಗೆ ಕಾಲುವೆಯ ತೂಬು ಕಿತ್ತುಹೋದರೆ ಮೇಲಿನ ಗದ್ದೆಯಲ್ಲಿ ನೀರು ನಿಲ್ಲುವುದು ಸಹಜ. ಕೆಲವರಲ್ಲಿ ತಿಂಗಳುಗಳ ಬಳಿಕ, ಕೆಲವರಲ್ಲಿ ವರ್ಷಗಳ ಬಳಿಕ ಆ ಬದಿಯ ತೋಳು ಬಾತುಕೊಳ್ಳುತ್ತದೆ. ಅಂಗಿಯ ತೋಳು ಹಿಡಿಸದಾಗುತ್ತದೆ, ಬೆರಳುಗಳು ಬಿಗಿಯುತ್ತವೆ, ಸಣ್ಣ ಗಾಯವೂ ಸೋಂಕಿಗೆ ದಾರಿಯಾಗುತ್ತದೆ. ಒಮ್ಮೆ ಬಂದ ಈ ಬಾವನ್ನು ಹತೋಟಿಯಲ್ಲಿಡಬಹುದೇ ಹೊರತು ಪೂರ್ತಿಯಾಗಿ ಹೋಗಲಾಡಿಸುವುದು ಕಷ್ಟ. ಕ್ಯಾನ್ಸರಿನಿಂದ ಪಾರಾದೆನೆಂದು ನೆಮ್ಮದಿಪಟ್ಟ ಹೆಂಗಸಿಗೆ ಇದು ಇನ್ನೊಂದು ದಂಡನೆಯಾಗಿ ಬರುತ್ತಿತ್ತು.

ಇದನ್ನು ತಡೆಯಲು ವೈದ್ಯರು ಕೊಡುತ್ತಿದ್ದ ಉಪದೇಶವೆಂದರೆ ನಿಷೇಧಗಳ ಮಾಲೆ. ಆ ಕೈಯಲ್ಲಿ ಭಾರ ಎತ್ತಬಾರದು. ನೆಲ ತಿಕ್ಕಬಾರದು. ತೋಟದಲ್ಲಿ ಅಗೆಯಬಾರದು. ಒಂದೇ ಬಗೆಯಾಗಿ ತೋಳನ್ನು ಮತ್ತೆ ಮತ್ತೆ ಬೀಸುವ ಯಾವ ಕೆಲಸವನ್ನೂ ಮಾಡಬಾರದು; ಹುಟ್ಟು ಹಾಕುವುದಂತೂ ಕೂಡದು. ತಾಯಿಯಾದವಳು ತನ್ನ ಮಗುವನ್ನು ಎತ್ತಿಕೊಳ್ಳುವುದಕ್ಕೂ ಅಂಜುವಂತಾಗಿತ್ತು. ದುಡಿದರೆ ತೋಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ, ದ್ರವ ಹೆಚ್ಚುತ್ತದೆ, ಅದು ಹೊರಹೋಗಲು ದಾರಿಯಿಲ್ಲದೆ ಬಾವು ಬರುತ್ತದೆ ಎಂಬುದು ಈ ಉಪದೇಶದ ಹಿಂದಿದ್ದ ತರ್ಕ. ತರ್ಕ ನೇರವಾಗಿತ್ತು. ಆದರೆ ಅದನ್ನು ಪರೀಕ್ಷಿಸಿ ನೋಡಿದವರು ಇರಲಿಲ್ಲವೆಂದರೆ ಸಲ್ಲುತ್ತದೆ. ಎಚ್ಚರಿಕೆ ಒಂದು ತಲೆಮಾರಿನ ವೈದ್ಯರಿಂದ ಮುಂದಿನ ತಲೆಮಾರಿಗೆ ಬಾಯಿಪಾಠದಂತೆ ಸಾಗಿ ಬಂದಿತ್ತು.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾವೈದ್ಯರಾಗಿದ್ದ ಡಾನ್ ಮೆಕೆಂಜಿ ಅವರಿಗೆ ಈ ತರ್ಕ ಒಪ್ಪಿಗೆಯಾಗಲಿಲ್ಲ. ದುಗ್ಧರಸವನ್ನು ಮುಂದೆ ತಳ್ಳಲು ಹೃದಯದಂಥ ಯಂತ್ರವಿಲ್ಲ. ಸುತ್ತಲಿನ ಸ್ನಾಯುಗಳು ಸಂಕೋಚಗೊಂಡಾಗ ನಾಳಗಳು ಹಿಂಡಲ್ಪಟ್ಟು ದ್ರವ ಚಲಿಸುತ್ತದೆ. ಹಾಗಿದ್ದ ಮೇಲೆ ಕ್ರಮವಾಗಿ ಬೆಳೆಸಿದ ವ್ಯಾಯಾಮದಿಂದ ಹಾನಿಗೆ ಬದಲಾಗಿ ಹಿತವೇ ಆಗಬೇಕಲ್ಲವೆ? ಊಹೆಯನ್ನು ಊಹೆಯಿಂದ ಎದುರಿಸುವುದರಲ್ಲಿ ಅರ್ಥವಿಲ್ಲವೆಂದು ಅವರು ಬಲ್ಲರು. ಪರೀಕ್ಷೆಗಾಗಿ ಅವರು ಆರಿಸಿಕೊಂಡದ್ದು ನಿಷೇಧಿಸಲ್ಪಟ್ಟ ಕೆಲಸಗಳಲ್ಲೆಲ್ಲ ಅತ್ಯಂತ ಕಠಿಣವಾದುದನ್ನು, ಡ್ರ್ಯಾಗನ್ ದೋಣಿಯ ಪಂದ್ಯವನ್ನು.

ಈ ದೋಣಿಗಳ ಮೂಲ ಚೀನಾ ದೇಶ. ದೇಶದ ದುರ್ಗತಿಗೆ ನೊಂದು ಮಿಲುವೊ ನದಿಯಲ್ಲಿ ಪ್ರಾಣಬಿಟ್ಟ ಛ್ಯು ಯುವಾನ್ ಎಂಬ ಕವಿಯನ್ನು ಉಳಿಸಲು ಬೆಸ್ತರು ದೋಣಿಗಳಲ್ಲಿ ಧಾವಿಸಿದರೆಂದೂ ಅದರ ನೆನಪಿಗೆ ಈ ಉತ್ಸವ ನಡೆಯುತ್ತದೆಂದೂ ಅಲ್ಲಿನ ಐತಿಹ್ಯ. ಸುಮಾರು ನಲವತ್ತು ಅಡಿ ಉದ್ದದ ದೋಣಿ. ಮೂತಿಗೆ ಸರ್ಪರಾಕ್ಷಸನ ತಲೆ. ಇಬ್ಬಿಬ್ಬರಂತೆ ಹತ್ತು ಸಾಲುಗಳಲ್ಲಿ ಇಪ್ಪತ್ತು ಮಂದಿ ಹುಟ್ಟು ಹಾಕುತ್ತಾರೆ. ಮುಂದೆ ಒಬ್ಬರು ನಗಾರಿ ಬಾರಿಸಿ ಲಯ ಹಿಡಿಸಿದರೆ ಹಿಂದೆ ಒಬ್ಬರು ನಿಂತು ದೋಣಿಯನ್ನು ನಡೆಸುತ್ತಾರೆ. ಕೇರಳದ ಹಾವುದೋಣಿಗಳ ಪಂದ್ಯವನ್ನು ಕಂಡವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. 1986ರಲ್ಲಿ ವ್ಯಾಂಕೂವರಿನಲ್ಲಿ ನಡೆದ ವಿಶ್ವ ಪ್ರದರ್ಶನದ ಸಂದರ್ಭದಲ್ಲಿ ಹಾಂಗ್‌ಕಾಂಗಿನಿಂದ ಬಂದ ದೋಣಿಗಳು ಆ ಊರಿಗೆ ಈ ಆಟದ ರುಚಿ ಹತ್ತಿಸಿದ್ದವು.

ಮೆಕೆಂಜಿಯವರ ಆಯ್ಕೆಗೆ ಕಾರಣಗಳಿದ್ದವು. ಈ ಆಟದಲ್ಲಿ ತೋಳು, ಭುಜ, ಬೆನ್ನುಗಳಿಗೆ ಬಿಡುವಿಲ್ಲದ ದುಡಿಮೆ; ಆದರೆ ಕುಳಿತೇ ಆಡುವುದರಿಂದ ಕಾಲುಗಳ ಮೇಲೆ ಹೊರೆಯಿಲ್ಲ, ಎದುರಾಳಿ ಬಂದು ಡಿಕ್ಕಿ ಹೊಡೆಯುವ ಭಯವಿಲ್ಲ. ಒಬ್ಬರ ಶಕ್ತಿ ಕುಂದಿದ ದಿನ ಪಕ್ಕದವರು ದೋಣಿಯನ್ನು ಎಳೆದಾರು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪಂದ್ಯ ನಡೆಯುವುದು ಸಹಸ್ರಾರು ಪ್ರೇಕ್ಷಕರ ಕಣ್ಣೆದುರು.

ಸ್ವಯಂಸೇವಕರಾಗಿ ಮುಂದೆ ಬಂದವರು ಇಪ್ಪತ್ತನಾಲ್ಕು ಮಹಿಳೆಯರು. ಎಲ್ಲರೂ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. ಮೂವತ್ತರ ಆಸುಪಾಸಿನವರೂ ಇದ್ದರು, ಅರವತ್ತು ದಾಟಿದವರೂ ಇದ್ದರು. ಇವರ ಧೈರ್ಯದ ಬೆಲೆಯನ್ನು ಸರಿಯಾಗಿ ಅಳೆಯಬೇಕು. ವೈದ್ಯರ ಊಹೆ ತಪ್ಪಾದರೆ ಅದರ ಫಲವನ್ನು ಜೀವಮಾನವಿಡೀ ತಮ್ಮ ತೋಳಿನಲ್ಲಿ ಹೊರಬೇಕಾದವರು ಇವರೇ. ತಮಗೆ ಚಿಕಿತ್ಸೆ ನೀಡಿದವರು ಬೇಡವೆಂದು ಹೇಳಿದ್ದ ಕೆಲಸಕ್ಕೇ ಅವರು ಒಪ್ಪಿ ಕೈಯೊಡ್ಡಿದ್ದರು.

ಫೆಬ್ರವರಿಯ ಚಳಿಯಲ್ಲಿ ಅಭ್ಯಾಸ ಆರಂಭವಾಯಿತು. ಯಾರನ್ನೂ ನೇರವಾಗಿ ದೋಣಿಗೆ ಹತ್ತಿಸಲಿಲ್ಲ. ಮೊದಲು ವ್ಯಾಯಾಮಶಾಲೆಯಲ್ಲಿ ಮೈಸಡಿಲಿಸುವ ಕ್ರಿಯೆಗಳು, ಹಗುರವಾದ ತೂಕಗಳು; ವಾರವಾರಕ್ಕೂ ಅಷ್ಟಷ್ಟೇ ಹೆಚ್ಚಿಗೆ. ತೋಳುಗಳ ಅಳತೆಯನ್ನು ಆಗಾಗ ತೆಗೆದುಕೊಂಡು ಬಾವಿನ ಸುಳಿವಿದೆಯೇ ಎಂದು ನೋಡಲಾಗುತ್ತಿತ್ತು. ಸ್ನಾಯುಗಳು ಸಾಕಷ್ಟು ಬಲಗೊಂಡ ಮೇಲೆ ಎಲ್ಲರೂ ನೀರಿಗಿಳಿದರು. ದೋಣಿಯಲ್ಲಿ ಇಪ್ಪತ್ತು ಹುಟ್ಟುಗಳು ಒಂದೇ ಗಳಿಗೆಗೆ ನೀರನ್ನು ಹೊಕ್ಕು ಒಂದೇ ಗಳಿಗೆಗೆ ಮೇಲೇಳಬೇಕು. ಒಬ್ಬರು ತಡವರಿಸಿದರೂ ಹಿಂದಿನವರ ಹುಟ್ಟಿಗೆ ತಾಗುತ್ತದೆ. ಈ ಕಲಿಕೆಯಲ್ಲಿ ಮುಳುಗಿದವರಿಗೆ ತಮ್ಮ ರೋಗದ ವಿಷಯ ಚರ್ಚಿಸಲು ಬಿಡುವೇ ಇರಲಿಲ್ಲವೆನ್ನಬೇಕು. ಸಾಂತ್ವನ ಹೇಳಿಕೊಳ್ಳುವುದಕ್ಕೆಂದೇ ಕೂಡುವ ಸಭೆಗಳಿಗೂ ಈ ದೋಣಿಗೂ ಇದ್ದ ವ್ಯತ್ಯಾಸ ಅದು. ತಂಡಕ್ಕೆ ‘ಅಬ್ರೆಸ್ಟ್ ಇನ್ ಎ ಬೋಟ್’ ಎಂದು ಹೆಸರಿಟ್ಟರು. ದೋಣಿಯಲ್ಲಿ ಹೆಗಲಿಗೆ ಹೆಗಲೆಣೆಯಾಗಿ ಇರುವವರು ಎಂದು ಅದರ ಅರ್ಥ. ಸ್ತನವೆಂಬ ಅರ್ಥದ ಇಂಗ್ಲಿಷ್ ಪದವೂ ಅದರೊಳಗೇ ಅಡಗಿದೆ. ಬಾಯಲ್ಲಿ ಆಡಲು ಜನ ಹಿಂಜರಿಯುತ್ತಿದ್ದ ಪದವನ್ನು ಅವರು ನಗುನಗುತ್ತ ತಂಡದ ಹೆಸರಿನಲ್ಲೇ ಬರೆಸಿಕೊಂಡರು.

1996ರ ಜೂನ್ ತಿಂಗಳಲ್ಲಿ ವ್ಯಾಂಕೂವರಿನ ಫಾಲ್ಸ್ ಕ್ರೀಕ್ ಎಂಬ ಕಡಲಚಾಚಿನಲ್ಲಿ ನಡೆದ ಉತ್ಸವದಲ್ಲಿ ಗುಲಾಬಿ ಉಡುಪಿನ ಈ ತಂಡ ಇತರ ತಂಡಗಳೊಡನೆ ಸ್ಪರ್ಧಿಸಿತು. ಗೆಲುವು ಅವರ ಗುರಿಯಾಗಿರಲಿಲ್ಲ. ಋತು ಮುಗಿದ ಮೇಲೆ ನೋಡಿದರೆ ಯಾರಲ್ಲಿಯೂ ಹೊಸದಾಗಿ ಬಾವು ಕಾಣಿಸಿಕೊಂಡಿರಲಿಲ್ಲ. ಮೊದಲೇ ಇದ್ದವರಲ್ಲಿ ಅದು ಉಲ್ಬಣಿಸಿಯೂ ಇರಲಿಲ್ಲ. ಮೆಕೆಂಜಿಯವರು ಈ ಅನುಭವವನ್ನು 1998ರಲ್ಲಿ ಕೆನಡಾ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಪ್ಪತ್ತನಾಲ್ಕು ಮಂದಿಯ ಅನುಭವದಿಂದ ಲೋಕಕ್ಕೆಲ್ಲ ಅನ್ವಯಿಸುವ ನಿಯಮ ಸಿದ್ಧವಾಗುವುದಿಲ್ಲ. ಹೋಲಿಸಿ ನೋಡಲು ವ್ಯಾಯಾಮ ಮಾಡದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಆದರೆ ಹಳೆಯ ನಿಷೇಧಕ್ಕೆ ಬಿರುಕು ಬಿದ್ದಿತ್ತು. ಇತರ ಸಂಶೋಧಕರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಸ್ಮಿಟ್ಸ್ ಮತ್ತು ಅವರ ಸಹೋದ್ಯೋಗಿಗಳು, ಆಗಲೇ ತೋಳು ಬಾತಿದ್ದ 141 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಕ್ರಮಕ್ರಮವಾಗಿ ತೂಕ ಎತ್ತುವ ಅಭ್ಯಾಸ ಮಾಡಿಸಿದ ಪ್ರಯೋಗದ ವರದಿ ಹೊರಬಂದಿತು. ತೂಕ ಎತ್ತಿದವರಲ್ಲಿ ಬಾವು ಹೆಚ್ಚಲಿಲ್ಲ. ಅದು ಕೆರಳಿ ತೊಂದರೆ ಕೊಟ್ಟ ಸಂದರ್ಭಗಳು ಅವರಲ್ಲಿ ಕಡಿಮೆಯೇ ಇದ್ದವು. ಇಂದು ವೈದ್ಯರು ಇಂಥ ಮಹಿಳೆಯರಿಗೆ ತಿಳಿದವರ ಮೇಲ್ವಿಚಾರಣೆಯಲ್ಲಿ, ಅಲ್ಪದಿಂದ ಆರಂಭಿಸಿ ವ್ಯಾಯಾಮ ಮಾಡುವಂತೆಯೇ ಹೇಳುತ್ತಾರೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 23 ಲಕ್ಷ ಮಹಿಳೆಯರಲ್ಲಿ ಈ ರೋಗ ಪತ್ತೆಯಾಯಿತು. ಭಾರತದ ಮಹಿಳೆಯರಲ್ಲಿಯೂ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರು ಇದೇ. ಬಟ್ಟೆ ಒಗೆಯುವ, ನೀರು ಹೊರುವ, ಹೊಲದಲ್ಲಿ ದುಡಿಯುವ ಹೆಂಗಸಿಗೆ ‘ಕೈಯನ್ನು ಬಳಸಬೇಡ’ ಎನ್ನುವುದಕ್ಕೂ ‘ಮೆಲ್ಲನೆ ಬಲಪಡಿಸಿಕೋ’ ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಕೆಂಜಿಯವರ ಎಣಿಕೆಯಲ್ಲಿ ಇದು ಒಂದು ಋತುವಿನ ಪ್ರಯೋಗ. ಆದರೆ ಪ್ರಯೋಗ ಮುಗಿಯಿತೆಂದಾಗ ದೋಣಿಯಿಂದ ಇಳಿಯಲು ಮಹಿಳೆಯರು ಸಿದ್ಧರಿರಲಿಲ್ಲ. ಅಲ್ಲಿಂದ ಮುಂದೆ ನಾಯಕತ್ವ ವೈದ್ಯರ ಕೈಯಿಂದ ಅವರ ಕೈಗೇ ಬಂದಿತು. ಹೊಸಬರನ್ನು ಸೇರಿಸಿಕೊಳ್ಳುವುದು, ಹಣ ಕೂಡಿಸುವುದು, ಬೇರೆ ಊರಿನವರು ಕೇಳಿದರೆ ಕಲಿಸಿಕೊಡುವುದು, ಎಲ್ಲವನ್ನೂ ಅವರೇ ನಡೆಸಿದರು. 2005ರಲ್ಲಿ ಹತ್ತನೆಯ ವರ್ಷದ ಸಂಭ್ರಮಕ್ಕೆ ನಾನಾ ದೇಶಗಳ ತಂಡಗಳು ವ್ಯಾಂಕೂವರಿಗೆ ಬಂದವು. 2010ರಲ್ಲಿ ಇಂಥ ತಂಡಗಳದೇ ಅಂತಾರಾಷ್ಟ್ರೀಯ ಮಂಡಲಿ ಸ್ಥಾಪನೆಯಾಯಿತು. ಮೊದಲ ದೋಣಿಯಲ್ಲಿ ಹುಟ್ಟು ಹಾಕಿದವರಲ್ಲೊಬ್ಬರಾದ ಜೇನ್ ಫ್ರಾಸ್ಟ್ ಅದರ ಸ್ಥಾಪಕರಲ್ಲಿ ಪ್ರಮುಖರು. 2018ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಆರ್ನೊ ನದಿಯಲ್ಲಿ ನೂರಕ್ಕೂ ಮಿಕ್ಕಿದ ತಂಡಗಳು ಸೇರಿದ್ದವು. ಆ ಬಳಿಕದ ಕೂಟ ಕೊರೋನಾ ಪಿಡುಗಿನಿಂದ ಮುಂದೆ ಹೋಗಿ 2023ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆಯಿತು.

ಈ ಕೂಟಗಳಲ್ಲಿ ಒಂದು ಸಂಪ್ರದಾಯವಿದೆ. ಪಂದ್ಯ ಮುಗಿದ ಮೇಲೆ ದೋಣಿಗಳೆಲ್ಲ ಒಂದರ ಪಕ್ಕಕ್ಕೆ ಒಂದು ಬಂದು ನಿಲ್ಲುತ್ತವೆ. ಅಂಚಿನಲ್ಲಿ ಕುಳಿತವರು ಪಕ್ಕದ ದೋಣಿಯನ್ನು ಕೈಯಿಂದ ಹಿಡಿದುಕೊಳ್ಳುತ್ತಾರೆ. ಎಲ್ಲವೂ ಕೂಡಿ ನೀರಿನ ಮೇಲೆ ಒಂದು ತೆಪ್ಪವಾಗುತ್ತದೆ. ನಗಾರಿ ಸದ್ದಿಲ್ಲದಿರುತ್ತದೆ. ಎಲ್ಲರ ಕೈಯಲ್ಲೂ ಗುಲಾಬಿ ಬಣ್ಣದ ಕಾರ್ನೇಷನ್ ಹೂಗಳು. ಹಿಂದಿನ ವರ್ಷಗಳಲ್ಲಿ ಜೊತೆಗೆ ಹುಟ್ಟು ಹಾಕಿ ಈಗ ಇಲ್ಲವಾದವರನ್ನು ನೆನೆದು ಅವರು ಹೂಗಳನ್ನು ಮೇಲೆತ್ತಿ ಒಮ್ಮೆಗೇ ನೀರಿಗೆ ಎಸೆಯುತ್ತಾರೆ. ಬಳಿಕ ಹಿಡಿತ ಸಡಿಲಿಸಿ, ದೋಣಿಗಳನ್ನು ತಿರುಗಿಸಿ, ದಡಕ್ಕೆ ಹುಟ್ಟು ಹಾಕುತ್ತಾರೆ.