ಮೊದಲ ಗುಟುಕಿಗೂ ಮುನ್ನ

ಕುಡಿತಕ್ಕೆ ದಾಸನಾದವನ ದೇಹವನ್ನು ಪರೀಕ್ಷಿಸಿ ಅಲ್ಲಿ ಯಾವುದೋ ರಾಸಾಯನಿಕ ವೈಪರೀತ್ಯವನ್ನು ಕಂಡ ವೈದ್ಯನು, ಆ ವೈಪರೀತ್ಯವೇ ಅವನನ್ನು ಮದ್ಯದ ಕಡೆಗೆ ಎಳೆಯಿತೋ, ಹಲವು ವರ್ಷಗಳ ಮದ್ಯಪಾನವೇ ಅದನ್ನು ಉಂಟುಮಾಡಿತೋ ಎಂಬುದನ್ನು ನಿಶ್ಚಯಿಸಿ ಹೇಳಲಾರನು. ಕಾರಣವಾವುದು, ಕಾರ್ಯವಾವುದು ಎಂಬ ಈ ತೊಡಕನ್ನು ಬಿಡಿಸಬೇಕಾದರೆ, ಮದ್ಯದ ರುಚಿಯನ್ನೇ ಅರಿಯದ ಜೀವಿಯೊಂದನ್ನು ಶೈಶವದಿಂದಲೂ ಗಮನಿಸುತ್ತ ಬಂದು, ಅದು ಬೆಳೆದ ಮೇಲೆ ಅದರ ಮುಂದೆ ಮದ್ಯವನ್ನಿರಿಸಿ ನೋಡಬೇಕು. ಮನುಷ್ಯರ ಮಕ್ಕಳಲ್ಲಿ ಇದು ಸಲ್ಲದ ಕಾರ್ಯವಾದುದರಿಂದ ವಿಜ್ಞಾನಿಗಳು ರೀಸಸ್ ಕೋತಿಯ ಮೊರೆಹೊಕ್ಕರು. ಉತ್ತರ ಭಾರತದ ದೇವಾಲಯಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಕಾಣಸಿಗುವ ಈ ಕೆಂಪು ಮೋರೆಯ ಕಪಿಯು ಕನ್ನಡ ನಾಡಿನ ಕೋತಿಗೆ ಹತ್ತಿರದ ದಾಯಾದಿ.

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಪೂಲ್ಸ್‌ವಿಲ್‌ನಲ್ಲಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿದ ಪ್ರಾಣಿಕೇಂದ್ರವೊಂದುಂಟು. ಡೀ ಹಿಗ್ಲಿ, ಸ್ಟೀಫನ್ ಸುವೋಮಿ, ಮಾರ್ಕು ಲಿನ್ನೊಯ್ಲ ಮೊದಲಾದವರು ಅಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮರಿಗಳು ತಾಯಿಯ ಬಳಿಯಲ್ಲಿಯೇ ಬೆಳೆದಿದ್ದವು. ಉಳಿದವು ಹುಟ್ಟಿದೊಡನೆ ತಾಯಿಯಿಂದ ಅಗಲಿ, ಓರಗೆಯ ಮರಿಗಳನ್ನೇ ತಬ್ಬಿಕೊಂಡು, ತಮ್ಮಷ್ಟೇ ಅಂಜುಬುರುಕವಾದ ಜೀವಗಳಲ್ಲಿ ಆಸರೆಯನ್ನು ಅರಸುತ್ತ ಬೆಳೆದಿದ್ದವು. ದೊಡ್ಡವಾದ ಮೇಲೆ ಸಿಹಿ ಬೆರೆಸಿದ ಮದ್ಯವನ್ನು ಮುಂದಿಟ್ಟಾಗ ತಬ್ಬಲಿಗಳೇ ಹೆಚ್ಚು ಕುಡಿದವು. ಆದರೆ ತಾಯಿಯ ಬಳಿ ಬೆಳೆದವನ್ನು ಸಂಗಡಿಗರಿಂದ ಅಗಲಿಸಿ ಒಂಟಿಯಾಗಿರಿಸಿದಾಗ ಅವುಗಳ ಕುಡಿತವೂ ಏರಿ, ಹೆಚ್ಚುಕಡಿಮೆ ತಬ್ಬಲಿಗಳ ಮಟ್ಟವನ್ನು ಮುಟ್ಟಿತು. ಇಂತಹ ಪ್ರಯೋಗಗಳ ವೃತ್ತಾಂತವನ್ನು ಓದುವಾಗ ಮನಸ್ಸು ನೋಯದಿರದು. ವಿರೋಧವು ಬಲವಾದ ಮೇಲೆ, 2015ರಲ್ಲಿ, ಅಲ್ಲಿ ಸುವೋಮಿಯವರು ನಡೆಸುತ್ತಿದ್ದ ಕೋತಿಗಳ ಸಂಶೋಧನೆಯನ್ನು ಮುಗಿಸುವುದಾಗಿ ಸಂಸ್ಥೆಯು ಸಾರಿತು. ಇಷ್ಟು ಬೆಲೆ ತೆತ್ತು ದೊರೆತ ಜ್ಞಾನವನ್ನು ನಾವು ಹಗುರವಾಗಿ ಎಣಿಸಲಾಗದು.

ಇನ್ನು ದೇಹದೊಳಗಿನ ಗುರುತಿನ ಮಾತು. ಮೆದುಳಿನ ನರಕೋಶಗಳ ನಡುವೆ ಸುದ್ದಿಯನ್ನು ಒಯ್ಯುವ ದ್ರವ್ಯಗಳಲ್ಲಿ ಸೆರೊಟೋನಿನ್ ಒಂದು. ಆವೇಗವನ್ನು ತಡೆಹಿಡಿಯುವ ಕಾರ್ಯದಲ್ಲಿ ಅದರ ಪಾತ್ರ ದೊಡ್ಡದು. ಅದು ಒಡೆದು ಉಳಿಯುವ ಆಮ್ಲವೊಂದು, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ದ್ರವದಲ್ಲಿ ಸೇರಿರುತ್ತದೆ. ಕೋತಿಗೆ ಅರಿವಳಿಕೆ ಕೊಟ್ಟು, ಕತ್ತಿನ ಹಿಂಬದಿಯಿಂದ ಸೂಜಿಯ ಮೂಲಕ ಆ ದ್ರವವನ್ನು ತುಸುವೇ ತೆಗೆದು ಅಳೆದರೆ, ಸೆರೊಟೋನಿನ್ ವ್ಯವಹಾರವು ಚುರುಕೋ ಮಂದವೋ ಎಂಬುದನ್ನು ಊಹಿಸಬಹುದು. ಯಾವ ಕೋತಿಯಲ್ಲಿ ಈ ಆಮ್ಲದ ಪ್ರಮಾಣವು ಕಡಿಮೆಯೋ ಅದು ಮುಂದೆ ಅತಿಯಾಗಿ ಕುಡಿಯುವ ಸಂಭವ ಹೆಚ್ಚೆಂಬುದು ಕಂಡುಬಂದಿತು. ದಕ್ಷಿಣ ಕ್ಯಾರೊಲೈನದ ಮಾರ್ಗನ್ ದ್ವೀಪದಲ್ಲಿ ಸ್ವೇಚ್ಛೆಯಾಗಿ ಅಲೆಯುವ ರೀಸಸ್ ಕೋತಿಗಳಲ್ಲಿ, ಮದ್ಯದ ಸೋಂಕೇ ಇಲ್ಲದೆಡೆಯಲ್ಲಿ, ಅದೇ ಕೊರತೆಯುಳ್ಳ ಎಳೆಯ ಗಂಡುಗಳು ನೆಲದಿಂದ ಬಹು ಎತ್ತರದಲ್ಲಿ ಮರದಿಂದ ಮರಕ್ಕೆ ಅಪಾಯದ ನೆಗೆತಗಳನ್ನು ನೆಗೆಯುತ್ತಿದ್ದವು. ಸಣ್ಣ ಜಗಳವನ್ನು ಅಲ್ಲಿಗೇ ಬಿಡಲಾರದೆ ಗಾಯಗೊಳ್ಳುವವರೆಗೂ ಕಾದಾಡುತ್ತಿದ್ದವು. ಇಂತಹ ಗಂಡುಗಳಲ್ಲಿ ಅಕಾಲ ಮರಣವೂ ಹೆಚ್ಚು. ಆದುದರಿಂದ ಈ ಕೊರತೆಯನ್ನು ಮದ್ಯದ ಮೇಲಣ ವಿಶೇಷ ಮೋಹವೆಂಬುದಕ್ಕಿಂತ, ತೊಡಗಿದುದನ್ನು ನಿಲ್ಲಿಸಲಾರದ ಸ್ವಭಾವವೆಂದು ತಿಳಿಯುವುದೇ ನನಗೆ ಯುಕ್ತವಾಗಿ ತೋರುತ್ತದೆ.

ಇದೆಲ್ಲ ಹುಟ್ಟಿನಿಂದಲೇ ಬಂದ ಹಣೆಬರಹವೇ? ಸೆರೊಟೋನಿನ್ ಸಾಗಣೆಯನ್ನು ನಿಯಂತ್ರಿಸುವ ವಂಶವಾಹಿಯು ಮನುಷ್ಯರಲ್ಲಿರುವಂತೆ ರೀಸಸ್ ಕೋತಿಗಳಲ್ಲಿಯೂ ಗಿಡ್ಡ ಮತ್ತು ಉದ್ದ ಎಂಬ ಎರಡು ರೂಪಗಳಲ್ಲಿದೆ. 2004ರಲ್ಲಿ ಕ್ರಿಸ್ಟಿನಾ ಬಾರ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಗಿಡ್ಡ ರೂಪವನ್ನು ಪಡೆದು ಹುಟ್ಟಿ, ತಾಯಿಯಿಲ್ಲದೆ ಬೆಳೆದ ಹೆಣ್ಣು ಕೋತಿಗಳು ಮದ್ಯದತ್ತ ಹೆಚ್ಚು ಒಲಿದವು; ಅದೇ ರೂಪವನ್ನು ಪಡೆದೂ ತಾಯಿಯ ಆರೈಕೆಯಲ್ಲಿ ಬೆಳೆದ ಹೆಣ್ಣುಗಳಲ್ಲಿ ಅಂತಹ ಒಲವು ತೋರಲಿಲ್ಲ.