ಸಭಿಕರ ಕೈಗೂ ಒಂದು ಮೈಕು ಕೊಡಿ

ಜಾತಿ, ಧರ್ಮ, ಮೀಸಲಾತಿ, ಭಾಷೆ, ಭೂಮಿ. ಇಂಥ ದೊಡ್ಡ ವಿಷಯಗಳ ಮೇಲೆ ನಮ್ಮೂರುಗಳಲ್ಲಿ ಉಪನ್ಯಾಸಗಳಿಗೆ ಬರವಿಲ್ಲ. ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಸನ್ಮಾನ ಎಲ್ಲಕ್ಕೂ ಸಮಯವಿರುತ್ತದೆ. ಪ್ರಶ್ನೋತ್ತರದ ಸರದಿ ಬರುವಷ್ಟರಲ್ಲಿ ಮಾತ್ರ ಹೊತ್ತು ಮೀರಿರುತ್ತದೆ. ಹೀಗೇ ಇರಬೇಕಾಗಿಲ್ಲ ಎಂಬುದಕ್ಕೆ ನೆರೆಯ ಆಂಧ್ರದ ವಿಶಾಖಪಟ್ಟಣ ಮತ್ತು ವಿಜಯವಾಡಗಳ ಚರಿತ್ರೆಯೇ ಸಾಕ್ಷಿ. ಆ ಚರಿತ್ರೆಯಲ್ಲಿ ಮೈಸೂರಿನ ಪಾಲೂ ಇದೆ.

ಈಗ ವಿಶಾಖಪಟ್ಟಣದಲ್ಲಿರುವ ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಸ್ಥಾಪನೆಯಾದಾಗ ಮೊದಲ ಕುಲಪತಿಯಾದವರು ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ವಿದ್ಯಾರ್ಥಿಯಾಗಿ ಕೇಂಬ್ರಿಜ್ ಯೂನಿಯನ್ ಚರ್ಚಾಕೂಟದ ಉಪಾಧ್ಯಕ್ಷರಾಗಿದ್ದವರು, ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ದಲಿತ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯಲು ಪಟ್ಟು ಹಿಡಿದವರು. ಬ್ರಿಟಿಷರ ದಮನವನ್ನು ಪ್ರತಿಭಟಿಸಿ 1930ರಲ್ಲಿ ಕುಲಪತಿ ಸ್ಥಾನವನ್ನೇ ಬಿಟ್ಟರು. 1931ರಲ್ಲಿ ಆ ಜಾಗಕ್ಕೆ ಬಂದ ಸರ್ವಪಲ್ಲಿ ರಾಧಾಕೃಷ್ಣನ್ ಕೂಡ ಮಹಾರಾಜಾ ಕಾಲೇಜಿನ ಮೇಷ್ಟರೇ. ಮೈಸೂರು ಬಿಡುವಾಗ ಅವರ ಗಾಡಿಯನ್ನು ವಿದ್ಯಾರ್ಥಿಗಳೇ ಸ್ಟೇಷನ್ನಿನವರೆಗೆ ಎಳೆದದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಕಥೆ.

ಆದರೆ ವಿಶಾಖಪಟ್ಟಣದಲ್ಲಿ ಎದ್ದ ಅತ್ಯಂತ ದೊಡ್ಡ ಪ್ರಶ್ನೆ ಕುಲಪತಿಗಳಿಂದ ಬಂದದ್ದಲ್ಲ. 1970ರ ಆರಂಭದಲ್ಲಿ ಆ ಊರಿನ ಮಗನೇ ಆದ ಕವಿ ಶ್ರೀಶ್ರೀಯವರ ಷಷ್ಟಿಪೂರ್ತಿಯ ಸಂಭ್ರಮ. ತೆಲುಗಿನ ಹೆಸರಾಂತ ಸಾಹಿತಿಗಳೆಲ್ಲ ಸೇರಿದ್ದರು. ಪಕ್ಕದ ಶ್ರೀಕಾಕುಳದಲ್ಲಿ ಆದಿವಾಸಿ ರೈತರ ಬಂಡಾಯ, ಪೊಲೀಸರ ಗುಂಡು. ಆಗ ವಿಶಾಖಪಟ್ಟಣದ ವಿದ್ಯಾರ್ಥಿಗಳು ಒಂದು ಕರಪತ್ರ ಹಂಚಿದರು. ಲೇಖಕರೇ, ನೀವು ಯಾವ ಕಡೆ ಎಂಬುದೇ ಅದರ ಪ್ರಶ್ನೆ. ಗೌರವಿಸಲು ಕರೆದ ಸಭೆಯಲ್ಲಿ ಗೌರವಕ್ಕೆ ಪಾತ್ರರಾದವರನ್ನೇ ಹೀಗೆ ಕೇಳುವುದಕ್ಕೆ ಎದೆಗಾರಿಕೆ ಬೇಕು. ಅದನ್ನು ಉದ್ಧಟತನ ಎಂದು ತಳ್ಳಿಹಾಕದೆ ಇರುವುದಕ್ಕೆ ಇನ್ನೂ ದೊಡ್ಡ ಮನಸ್ಸು ಬೇಕು. ಅದೇ ವರ್ಷದ ಜುಲೈ 4ರಂದು ಹೈದರಾಬಾದಿನಲ್ಲಿ ಕ್ರಾಂತಿಕಾರಿ ಲೇಖಕರ ವಿಪ್ಲವ ರಚಯಿತಲ ಸಂಘ ಹುಟ್ಟಿತು, ಶ್ರೀಶ್ರೀ ಅದರ ಅಧ್ಯಕ್ಷರಾದರು. ಸಂಘದ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಒಂದು ಕರಪತ್ರದ ಪ್ರಶ್ನೆ ಒಂದು ಭಾಷೆಯ ಸಾಹಿತ್ಯದ ದಿಕ್ಕನ್ನೇ ತಿರುಗಿಸಿದ್ದು ಸಣ್ಣ ಸಂಗತಿಯಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದಾಗ ಕನ್ನಡದಲ್ಲೂ ಎದ್ದದ್ದು ಅದೇ ಬಗೆಯ ಪ್ರಶ್ನೆ.

ವಿಜಯವಾಡದ ದಾರಿ ಬೇರೆ. ಅಲ್ಲಿ ವಾದವನ್ನು ಬದುಕಿಗೇ ಇಳಿಸಿದರು. ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ ಸಸ್ಯಶಾಸ್ತ್ರದ ಮೇಷ್ಟರು. ದೇವರಿಲ್ಲ ಎಂದು ಬಹಿರಂಗವಾಗಿ ಹೇಳಿದ್ದಕ್ಕೆ ಕಾಕಿನಾಡದ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಪತ್ನಿ ಸರಸ್ವತಿಯವರ ಜೊತೆ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿ, 1947ರಲ್ಲಿ ಅದನ್ನು ವಿಜಯವಾಡದ ಪಟಮಟಕ್ಕೆ ತಂದರು. ಮೊದಲ ವಿಶ್ವ ನಾಸ್ತಿಕ ಸಮ್ಮೇಳನ 1972ರಲ್ಲಿ ನಡೆದದ್ದೂ ಇದೇ ಊರಿನಲ್ಲಿ.

ಗೋರಾ ವಾದಕ್ಕಿಳಿದದ್ದು ಸಾಮಾನ್ಯರ ಜೊತೆಗಲ್ಲ, ಗಾಂಧೀಜಿಯ ಜೊತೆಗೆ. ನಾಸ್ತಿಕತೆಯ ಬಗ್ಗೆ ಮಾತಾಡಬೇಕು ಎಂದು ಮೊದಲು ಕಾಗದ ಬರೆದಾಗ ಗಾಂಧಿ ಒಪ್ಪಲಿಲ್ಲ. 1944ರಲ್ಲಿ ಸೇವಾಗ್ರಾಮಕ್ಕೆ ಕರೆಸಿಕೊಂಡರು. ಅಸ್ಪೃಶ್ಯತೆ ಹೋಗಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದಕ್ಕೆ ದೇವರ ನಂಬಿಕೆ ಬೇಕೋ ಬೇಡವೋ ಎಂಬುದೇ ತಕರಾರು. ಮಾತು ಮುಂದುವರಿದು, ತಮ್ಮ ಆಸ್ತಿಕತೆಯೇ ಸರಿ, ಗೋರಾ ನಾಸ್ತಿಕತೆ ತಪ್ಪು ಎಂದು ಹೇಳಲಾರೆ ಎನ್ನುವಲ್ಲಿಗೆ ಗಾಂಧಿ ಬಂದರು ಎಂದು ಗೋರಾ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಆದರೂ ಗೋರಾ ಮಗಳು ಮನೋರಮಾ ದಲಿತ ಯುವಕ ಅರ್ಜುನ ರಾವ್ ಅವರನ್ನು ಮದುವೆಯಾಗಲು ನಿಂತಾಗ, ಆಶ್ರಮದಲ್ಲಿ ತಾವೇ ಮುಂದೆ ನಿಂತು ಮದುವೆ ಮಾಡಿಸುವುದಾಗಿ ಗಾಂಧಿ ಮಾತು ಕೊಟ್ಟರು. ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳುವುದಕ್ಕೂ ಒಪ್ಪಿದರು. 1948ರ ಜನವರಿಯಲ್ಲಿ ಅವರ ಹತ್ಯೆಯಾಯಿತು. ಮಾರ್ಚ್ 13ರಂದು ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ಸೋಲು ಗೆಲುವಿಲ್ಲದ ಚರ್ಚೆಯಿಂದಲೂ ಕೆಲಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ನಾಸ್ತಿಕ ಕೇಂದ್ರದ ಕಾರ್ಯಕರ್ತರು ಹಳ್ಳಿಗಳಲ್ಲಿ ಕೆಂಡ ಹಾಯ್ದೂ ತೋರಿಸುತ್ತಿದ್ದರು. ನಮ್ಮ ಮೈಸೂರು ಕಡೆಯ ಕೊಂಡದ ಹಾಗೆಯೇ. ಆದರೆ ಉಪವಾಸವಿಲ್ಲ, ವ್ರತವಿಲ್ಲ, ಮಂತ್ರವಿಲ್ಲ. ಇದ್ದಿಲ ಕೆಂಡ ಎಷ್ಟೇ ಕೆಂಪಗಿದ್ದರೂ ಅದರ ಶಾಖ ಪಾದಕ್ಕೆ ದಾಟುವುದು ನಿಧಾನ. ಎಲ್ಲೂ ನಿಲ್ಲದೆ ಚುರುಕಾಗಿ ಹೆಜ್ಜೆ ಇಟ್ಟರೆ ಸುಡುವ ಮೊದಲೇ ಆಚೆ ತಲುಪಬಹುದು. ಅನುಮಾನವಿದ್ದವರ ಕಣ್ಣೆದುರೇ ಉತ್ತರ ಸಿಗುತ್ತಿತ್ತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರು ಎಚ್. ನರಸಿಂಹಯ್ಯ. 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬುಧವಾರ ಸಂಜೆಯ ಉಪನ್ಯಾಸಗಳಿಗೆ ಯಾರು ಬೇಕಾದರೂ ಬಂದು ಕೂರುವಂತೆ ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಪ್ರಶ್ನೆ ಮಾತ್ರ ನಾಡಿನ ತುಂಬ ಚರ್ಚೆಯಾಯಿತು, ಪರ ವಿರೋಧ ಎರಡೂ ಜೋರಾಗಿಯೇ.

ಟಿವಿಯಲ್ಲಿ ಈಗ ಚರ್ಚೆಯ ಹೆಸರಲ್ಲಿ ನಡೆಯುವುದು ಇದಲ್ಲ. ಅಲ್ಲಿ ಎದುರಾಳಿಯ ಮಾತು ಪೂರ್ತಿಯಾಗುವವರೆಗೆ ಕಾಯುವ ವ್ಯವಧಾನ ಯಾರಿಗೂ ಇಲ್ಲ, ನೋಡುವವರಿಗಂತೂ ಬಾಯಿಯೇ ಇಲ್ಲ. ಆದ್ದರಿಂದಲೇ ಊರಿನ ಸಭಾಂಗಣಗಳ ಜವಾಬ್ದಾರಿ ಹೆಚ್ಚಿದೆ. ಕನ್ನಡ ಸಂಘಗಳವರು, ಕಾಲೇಜುಗಳವರು, ಸಾಹಿತ್ಯ ಪರಿಷತ್ತಿನ ಘಟಕಗಳವರು ಮುಂದಿನ ಕಾರ್ಯಕ್ರಮಕ್ಕೆ ಒಂದು ಬದಲಾವಣೆ ಮಾಡಿ ನೋಡಲಿ. ಸನ್ಮಾನವನ್ನು ಹತ್ತು ನಿಮಿಷಕ್ಕೆ ಮುಗಿಸಿ, ಅರ್ಧ ಗಂಟೆ ಪ್ರಶ್ನೆಗಳಿಗೆ ಮೀಸಲಿಡಿ. ವಿರುದ್ಧ ಅಭಿಪ್ರಾಯದವರೊಬ್ಬರನ್ನಾದರೂ ವೇದಿಕೆಗೆ ಕರೆಯಿರಿ. ಎರಡನೆಯ ಮೈಕನ್ನು ಹಿಂದಿನ ಸಾಲಿನವರ ಕೈಗೆ ಕೊಡಿ.